ರಾಣಿಯ ಊಟ

ಆಳಂದದ ಒಂದು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ದೌಲತರಾಯನಿಗೆ ಮೇಲಿನವರ ಮುಂದೆ ‘ಇಲ್ಲ’ ಎನ್ನುವ ಮಾತೇ ಬಾಯಿಂದ ಹೊರಡುತ್ತಿರಲಿಲ್ಲ. ಎಂಬತ್ತಾರನೆಯ ಇಸವಿಯಲ್ಲಿ ಮ್ಯಾನೇಜರ್ ಸಲಾವುದ್ದೀನ ಸಾಹೇಬರು ತಂಗಿಯ ಮದುವೆಗೆಂದು ಭಟ್ಕಳಕ್ಕೆ ಹೊರಟವರು, ಮನೆಯ ಕೀಲಿಕೈಯನ್ನು ಅವನ ಅಂಗೈಯಲ್ಲಿಟ್ಟು, “ನಾಲ್ಕು ದಿನ ನಮ್ಮ ರಾಣಿಯನ್ನು ನೋಡಿಕೊಳ್ಳಿ” ಎಂದರು. “ಹೌದ್ರಿ ಸಾಹೇಬರ” ಎಂದುಬಿಟ್ಟ.

ರಾಣಿ ಎಂದರೆ ಮೀನು. ಹಳದಿ ಮೈಮೇಲೆ ಕಪ್ಪು ಪಟ್ಟೆಯ, ಚಿಟ್ಟೆಯಂಥ ಸಮುದ್ರದ ಮೀನು. ಅದಕ್ಕಾಗಿ ಸಾಹೇಬರು ಸಮುದ್ರದ ನೀರನ್ನೇ ಕ್ಯಾನುಗಳಲ್ಲಿ ತುಂಬಿ, ಬಸ್ಸಿನ ಮೇಲೆ ಹೇರಿ ತಂದು ಗಾಜಿನ ತೊಟ್ಟಿಗೆ ಸುರಿದಿದ್ದರು. ಈ ಮಹಾರಾಣಿ ರೊಟ್ಟಿ ಮುಟ್ಟಳು, ಒಣ ಸಿಗಡಿ ಕಂಡರೆ ಮೂತಿ ತಿರುಗಿಸುವಳು. ಅವಳಿಗೆ ತಾಜಾ ಸಿಗಡಿ, ಅಂದರೆ ಆಳಂದದವರ ಝಿಂಗಾ, ಸುಲಿದು, ದಾರಕ್ಕೆ ಕಟ್ಟಿ ಇಳಿಬಿಡಬೇಕು. ಎದುರಿಗೆ ಕೂತು ಮಾತಾಡಿಸಲೂ ಬೇಕು.

ದೌಲತರಾಯನೋ ಲಿಂಗ ಕಟ್ಟಿದವನು. ಒಡೆದ ಮೊಟ್ಟೆ ಕಂಡರೆ ಉಂಡದ್ದು ಮೇಲೆ ಬರುತ್ತಿತ್ತು. ಸಾಲದ್ದಕ್ಕೆ ಹೋದ ತಿಂಗಳಷ್ಟೇ ಜಿಡಗಾದ ಮಠದಲ್ಲಿ ಸಸ್ಯಾಹಾರದ ಮೇಲೆ ಅರ್ಧ ತಾಸು ಭಾಷಣ ಬಿಗಿದು, ಮಾವ ಶಾಂತಲಿಂಗಪ್ಪನವರ ಕೈಯಿಂದಲೇ ಶಾಲು ಹೊದಿಸಿಕೊಂಡಿದ್ದ. ಹೆಂಡತಿ ಕಸ್ತೂರಿಬಾಯಿಗೆ ನಿಜ ಹೇಳಲು ನಾಚಿಕೆಯಾಗಿ, “ಆಫೀಸ್ ಕೆಲಸ” ಎಂದು ಮನೆ ಬಿಡುತ್ತಿದ್ದ.

ಎರಡು ದಿನ ರಾಣಿ ಏನೂ ತಿನ್ನಲಿಲ್ಲ. ಸಾಹೇಬರು ಇಟ್ಟುಹೋದ ಸಿಗಡಿ ಹಳಸಿ ನಾರುತ್ತಿತ್ತು. ಮೂರನೆಯ ದಿನ ಬೆಳಿಗ್ಗೆ ದೌಲತರಾಯ ತಲೆಗೆ ಟವೆಲ್ಲು ಸುತ್ತಿಕೊಂಡು ಸಂತೆಗೆ ಹೋಗಿ, ಅಫಜಲಪುರದ ಬಸ್ಸಿಗೆ ಭೀಮಾ ಹೊಳೆಯ ಮೀನು ತರುತ್ತಿದ್ದ ಹುಸೇನಸಾಬನ ಬುಟ್ಟಿಯ ಮುಂದೆ ಕಳ್ಳನಂತೆ ಕುಕ್ಕರಿಸಿದ.

“ಝಿಂಗಾ ಒಂದು ಕೊಡ್ರಿ.”

“ಒಂದು ಕಿಲೋ ಏನ್ರಿ?”

“ಒಂದಂದ್ರ... ಒಂದ.”

ಹುಸೇನಸಾಬ ಸಂತೆಗೆಲ್ಲ ಕೇಳುವಂತೆ ಕೂಗಿದ. “ಯಾ ಅಲ್ಲಾ! ಒಂದು ಝಿಂಗಾ ಒಯ್ದು ಏನ್ ಮಾಡ್ತೀರಿ ರಾಯರ? ಮೂಸಿ ನೋಡ್ತೀರೇನು?”

ಪಕ್ಕದಲ್ಲಿ ಪುಂಡಿಪಲ್ಯದ ಸೊಪ್ಪು ಆರಿಸುತ್ತಿದ್ದ ಹೀರಾಬಾಯಿ ತಲೆಯೆತ್ತಿದಳು. ಅವಳು ದೌಲತರಾಯನ ಓಣಿಯವಳು. ಅವಳ ಕಿವಿಗೆ ಬಿದ್ದದ್ದು ಮಧ್ಯಾಹ್ನದೊಳಗೆ ಊರಿಗೆ ಮುಟ್ಟುತ್ತಿತ್ತು.

“ದೌಲತಣ್ಣಾ, ಯಾರಿಗರಿ ಅದು?”

“ಸಾಹೇಬರಿಗಿ, ಹೀರಕ್ಕ.”

“ಸಾಹೇಬರು ಊರಿಗಿ ಹೋಗ್ಯಾರಂತಲ್ರಿ?”

ದೌಲತರಾಯ ಸಿಗಡಿಯನ್ನು ಡಬ್ಬಿಗೆ ಹಾಕಿಕೊಂಡು ಕಾಲಿಗೆ ಬುದ್ಧಿ ಹೇಳಿದ. ಹೀರಾಬಾಯಿ ಪುಂಡಿಪಲ್ಯವನ್ನು ಅಲ್ಲೇ ಬಿಟ್ಟು ಹಿಂದೆಯೇ ಹೋದಳು.

ಸಾಹೇಬರ ಮನೆಯ ಕಿಟಕಿ ಮುಚ್ಚಿತ್ತು, ಸಂದಿ ಮುಚ್ಚಿರಲಿಲ್ಲ. ಒಳಗಿನಿಂದ ದೌಲತರಾಯನ ಗೋಗರೆತ ಕೇಳಿಸಿತು. “ರಾಣಿ, ಸಿಟ್ಟ್ಯಾಕ? ನಿನ್ನ ಸಲುವಾಗಿ ಮಂದಿ ಮುಂದ ಮಾನಾ ಕಳಕೊಂಡೇನಿ. ಒಂದ ತುತ್ತು ತಿನ್ನ, ನನ್ನ ಬಂಗಾರಿ!”

ಹೀರಾಬಾಯಿಗೆ ಇಷ್ಟು ಸಾಕಾಗಿತ್ತು.

ರಾಣಿ ಆಗಲೂ ತಿನ್ನಲಿಲ್ಲ. ದೌಲತರಾಯ ಅದೇ ಸಿಗಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಆಫೀಸಿಗೆ ಹೋದ. ಸಂಜೆ ಮತ್ತೆ ಬಂದು ದಾರ ಇಳಿಬಿಡುವುದಕ್ಕೂ ಬಾಗಿಲು ದಡಬಡ ಬಡಿಯುವುದಕ್ಕೂ ಸರಿಹೋಯಿತು. ತೆರೆದರೆ ಕಣ್ಣೊರೆಸಿಕೊಳ್ಳುವ ಕಸ್ತೂರಿಬಾಯಿ, ಸುದ್ದಿ ತಿಳಿದು ಮಾದನಹಿಪ್ಪರಗಾದಿಂದ ಓಡಿಬಂದಿದ್ದ ಶಾಂತಲಿಂಗಪ್ಪನವರು, ಅವರ ಹಿಂದೆ ಹೀರಾಬಾಯಿ, ಹೀರಾಬಾಯಿಯ ಹಿಂದೆ ಅರ್ಧ ಓಣಿ.

“ಎಲ್ಲದಾಳರಿ ಅಕಿ ರಾಣಿ?” ಎಂದಳು ಕಸ್ತೂರಿಬಾಯಿ.

“ಏ ಹುಚ್ಚಿ, ರಾಣಿ ಅಂದ್ರ ಮೀನು! ತೊಟ್ಟ್ಯಾಗ ಅದ, ನೋಡು.”

ಎಲ್ಲರೂ ಬಗ್ಗಿದರು. ಅಷ್ಟೊಂದು ಮುಖಗಳನ್ನು ಒಮ್ಮೆಲೇ ಕಂಡ ರಾಣಿ ಎಲ್ಲಿ ಅಡಗಿದಳೋ, ತೊಟ್ಟಿಯಲ್ಲಿ ಬರೀ ನೀರು, ಕಲ್ಲು.

“ಮೀನಂತ ಮೀನು! ಹಿಂದಿನ ಬಾಗಲಾ ತೆರದದ, ನೋಡ್ರಿ. ಓಡಿ ಹೋಗ್ಯಾಳ” ಎಂದಳು ಹೀರಾಬಾಯಿ.

ಶಾಂತಲಿಂಗಪ್ಪನವರು ಅಳಿಯನ ಮುಖ ನೋಡದೆ ಮಗಳಿಗೆ ಹೇಳಿದರು: “ನಡಿ ಅವ್ವಾ, ಬಟ್ಟಿಬರಿ ಕಟ್ಟು. ಇನ್ನೂ ಬಸ್ಸದ.”

ದೌಲತರಾಯನಿಗೆ ಸಂಸಾರ ಉಳಿಯಬೇಕಾದರೆ ಚಿಕ್ಕ ಮಾನವನ್ನು ಕೊಟ್ಟು ದೊಡ್ಡದನ್ನು ಉಳಿಸಿಕೊಳ್ಳಬೇಕು ಎನ್ನಿಸಿತು.

“ಮಾವಾರ, ತಪ್ಪಾಗ್ಯಾದರಿ” ಎಂದು ತಲೆ ತಗ್ಗಿಸಿದ. “ಹೆಂಗಸೂ ಇಲ್ಲ, ಏನೂ ಇಲ್ಲ. ನಾನ... ಕದ್ದು ಝಿಂಗಾ ತಿನ್ನಾಕ ಬರ್ತೇನಿ.”

ಓಣಿಯೆಲ್ಲ “ಅಬಬಾ!” ಎಂದಿತು. ಮಾವನವರು ಗೋಡೆ ಹಿಡಿದುಕೊಂಡರು.

“‘ತಿನ್ನ ಬಂಗಾರಿ’ ಅಂದದ್ದು ಯಾರಿಗರಿ ಮತ್ತ?” ಹೀರಾಬಾಯಿ ಬಿಡಲಿಲ್ಲ.

“ನನಗ ನಾನ ಅಂದದ್ದು, ಹೀರಕ್ಕ.”

“ಸುಳ್ಳು!” ಎಂದಳು ಕಸ್ತೂರಿಬಾಯಿ. “ತತ್ತಿ ನೋಡಿದ್ರ ವಾಂತಿ ಮಾಡ್ಕೊಳ್ಳಾವರು ನೀವು. ಖರೇ ಇದ್ರ ನನ್ನ ಮುಂದ ತಿನ್ರಿ.”

ಅವನು ಇನ್ನೂ ಕೈಯಲ್ಲಿ ಹಿಡಿದಿದ್ದ ದಾರದ ತುದಿಯಲ್ಲಿ ಬೆಳಗಿನ ಸಿಗಡಿ ತೊಟ್ಟಿಕ್ಕುತ್ತ ನೇತಾಡುತ್ತಿತ್ತು. ದೌಲತರಾಯ ಕಣ್ಣು ಮುಚ್ಚಿ, ಮನಸ್ಸಿನಲ್ಲೇ ಬಸವಣ್ಣನ ಕ್ಷಮೆ ಕೇಳಿ, ದಾರಸಮೇತ ಬಾಯಿಗೆ ಹಾಕಿಕೊಂಡ. ಒಮ್ಮೆ ಅಗಿದ. ಕಣ್ಣಲ್ಲಿ ನೀರು ಬಂತು. ಕಸ್ತೂರಿಬಾಯಿಯ ಮುಖ ಮೆಲ್ಲಗೆ ಸಡಿಲಾಯಿತು. ಸವತಿ ಇಲ್ಲ ಎಂದು ಅವಳಿಗೆ ಖಾತ್ರಿಯಾಗಿತ್ತು.

ಆಗಲೇ ಹೀರಾಬಾಯಿ ಕಿರುಚಿದಳು. “ಅಯ್ಯ! ಇಲ್ಲಿ ನೋಡ್ರಿ, ಮೀನು!”

ಕಲ್ಲಿನ ಹಿಂದಿನಿಂದ ರಾಣಿ ಮೆಲ್ಲಗೆ ತೇಲಿ ಬಂದಳು. ದಾರ ಇಳಿಯುತ್ತಿದ್ದ ಜಾಗದಲ್ಲೇ ನಿಂತು, ಮೂರು ದಿನದ ಹಸಿವಿನಿಂದ ಪುಟ್ಟ ಬಾಯನ್ನು ಪಕಪಕನೆ ತೆರೆಯತೊಡಗಿದಳು.

ಮೊದಲು ಕೇಳಿದವರು ಮಾವನವರು. “ಮೀನು ಖರೇನ ಅದಲ್ಲೋ ಅಳ್ಯಾ. ಮತ್ತ ನೀ ಯಾಕ ತಿಂದಿ?”

ದೌಲತರಾಯ ಉತ್ತರ ಕೊಡಲು ಬಾಯಿ ತೆರೆದ. ತುಟಿಯಿಂದ ದಾರ ಇನ್ನೂ ಜೋತಾಡುತ್ತಿತ್ತು.