ಮುಗೀತು ಖರೇ, ಹೆಂಗ ಮುಗೀತು?

ಕೆಲಸಾ ಮುಗೀತು ಅಂತ ಹೇಳಾವ್ರು ನಮ್ಮ ಕಡೆ ರಗಡ ಮಂದಿ ಸಿಗತಾರ. ಹೆಂಗ ಮುಗೀತು ಅಂತ ಹೇಳಾವ್ರು ಮಾತ್ರ ಸಿಗೂದಿಲ್ಲ, ಅದನ್ನ ನಾವ ಬೆನ್ನ ಹತ್ತಿ ಕೇಳಬೇಕು. ಕೇಳದ ಬಿಟ್ಟ ದಿನಾ ಏನರೆ ಒಂದು ಭಾನಗಡಿ ಆಗೇ ಆಗತೈತಿ. ನಾ ಹೊಸದಾಗಿ ಕೆಲಸಕ್ಕ ಸೇರಿದ ಆ ಒಂದ ತಿಂಗಳದಾಗ ಆದ ನಾಕು ಭಾನಗಡಿ ಹೇಳತೇನಿ. ಉಳಿದದ್ದು ಹೇಳಿದ್ರ ನನ್ನ ಮರ್ಯಾದಿ ಉಳಿಯೂದಿಲ್ಲ.

೧. ಕಣ್ಣಿಗೆ ತಂಪು

ನನ್ನ ತವರುಮನಿ ಗಡಹಿಂಗ್ಲಜ, ಕೊಟ್ಟ ಮನಿ ಇಚಲಕರಂಜಿ. ಅಲ್ಲೇ ಶಹಾಪುರ ಅನ್ನೂ ಭಾಗದಾಗಿನ ಒಂದು ಮಗ್ಗದ ಕಾರಖಾನಿಯೊಳಗ ಡಿಝೈನ್ ಖೋಲಿ ಅಂತ ಒಂದೈತಿ. ಅದರಾಗ ನಾನು, ಒಂದು ಕಂಪ್ಯೂಟರು, ಸಪ್ಪಳಾ ಮಾಡೂ ಒಂದು ಫ್ಯಾನು. ಹೂವು, ಬಳ್ಳಿ, ಹಕ್ಕಿ ಏನ ಚಿತ್ರಾ ಕೊಟ್ರೂ ಮಗ್ಗಕ್ಕ ತಿಳಿಯೂವಂಥಾ ಫೈಲ್ ಮಾಡಿ ಕೊಡೂದು ನನ್ನ ಕೆಲಸಾ.

ಫೈಲ್ ಮಾಡೂ ಪ್ರೋಗ್ರಾಮ್ ಭಾಳ ಹಳೇದು, ಯಾರೋ ಪುಣ್ಯಾತ್ಮರು ಮಾಡಿಟ್ಟದ್ದು. ದಿನಾ ಅದನ್ನ ಕೈಲೆ ನಡಸಿ ನಡಸಿ ಬ್ಯಾಸರಾಗಿ, ಪರ್ಲ್ ಅನ್ನೂ ಕಂಪ್ಯೂಟರ್ ಭಾಷಾದಾಗ, ಅದನ್ನ ತಾನ ನಡಸೂವಂಥಾ ಒಂದು ಸ್ಕ್ರಿಪ್ಟ್ ಬರದೆ. ನನ್ನ ಸ್ಕ್ರಿಪ್ಟ್ ಅಪ್ಪ, ಆ ಹಳೇ ಪ್ರೋಗ್ರಾಮ್ ಮಗ. ಅಪ್ಪ ಮಗನ್ನ ಕೆಲಸಕ್ಕ ಕಳಸತಾನ, ಅಂವಾ ಹೊಳ್ಳಿ ಬರೂ ತನಕಾ ಕಾಯತಾನ, ಬಂದ ಮ್ಯಾಲೆ ಸ್ಕ್ರೀನ್ ಮ್ಯಾಲೆ ‘ಮುಗೀತು’ ಅಂತ ಬರೀತಾನ. ಮಗ ಏನ ಮಾಡಿ ಬಂದ ಅಂತ ಕೇಳೂದಿಲ್ಲ. ಕೇಳು ಅಂತ ನಾ ಬರದಿದ್ರ ತಾನ ಅಂವಾ ಕೇಳೂದು!

ಸ್ಕ್ರಿಪ್ಟ್ ಹಚ್ಚಿದ ಮೊದಲನೇ ದಿನಾನ, ಅದರಾಗ ಹಳೇ ಪ್ರೋಗ್ರಾಮಿನ ಹೆಸರು ಬರಿಯೂವಾಗ ಒಂದಕ್ಷರಾ ತಪ್ಪಿದೆ. ಆ ಹೆಸರಿನ ಮಗನ ಇಲ್ಲ, ಅಂದ ಮ್ಯಾಲೆ ಕೆಲಸಕ್ಕ ಹೋಗೂದೆಲ್ಲಿ? ಆದ್ರ ಅಪ್ಪ ಮಾತ್ರ ‘ಮುಗೀತು’ ಅಂದ. ನಾ ನಂಬಿದೆ. ಅಪ್ಪ ಮೊದಲ ತಗದಿಟ್ಟಿದ್ದ ಖಾಲಿ ಫೈಲ್ ಹಂಗ ಮಗ್ಗಕ್ಕ ಹೋತು, ಸಂಜೀಕ ಒಂದೂ ಹೂವಿಲ್ಲದ ಬಿಳೇ ಅರಿವಿ ಇಳೀತು.

ಮಾಲಕ್ರು ಅದನ್ನ ಕೈಯಾಗ ಹಿಡಕೊಂಡು ನನ್ನ ಮಾರಿ ನೋಡಿದ್ರು. ಅವರ ತಂದಿ, ಎಂಬತ್ತು ದಾಟಿದ ಅಜ್ಜಾರು, ಅರಿವಿ ಮ್ಯಾಲೆ ಕೈಯಾಡಿಸಿ ಅಂದ್ರು: “ಎಷ್ಟ ವರ್ಷ ಆದ ಮ್ಯಾಲೆ ಒಂದು ಕಣ್ಣಿಗೆ ತಂಪು ಅನ್ನೂ ಡಿಝೈನ್ ಬಂತು ನೋಡ್ರಪಾ!”

೨. ಸೊನ್ನಿ

ಅಜ್ಜಾರಿಗೆ ತಂಪಾದದ್ದು ಮಾಲಕ್ರಿಗೆ ಬಿಸಿ ಆತು. ತಿಂಗಳ ಕಡೀಕ ಕೊಲ್ಲಾಪುರದಿಂದ ಒಬ್ಬ ಅರಿವಿ ವ್ಯಾಪಾರಿ ಮೂರು ಡಿಝೈನಿನ ನಮೂನಾ ನೋಡಾಕ ಬರಾವ್ರಿದ್ರು.

“ಶೇಟ್ರು ಪಾಸ್ ಮಾಡಿದ್ರ ಕಂಪ್ಯೂಟರೂ ಇರತೈತಿ, ನೀನೂ ಇರತಿ ತಂಗಿ,” ಅಂದ್ರು ಮಾಲಕ್ರು. “ಇಲ್ಲಂದ್ರ ಈ ಖೋಲ್ಯಾಗ ನೂಲಿನ ಚೀಲಾ ಒಟ್ಟತೇನಿ.”

ಓಣಿ ಮಂದಿ ಮುಂದ ನಮ್ಮ ಅತ್ತಿಯವರು ‘ನಮ್ಮ ಸ್ವಸಿ ಕಂಪ್ಯೂಟರ್ ಕೆಲಸಾ ಮಾಡತಾಳ್ರಿ’ ಅಂತ ಹೇಳಾಕ ಶುರು ಮಾಡಿ ಹದಿನೈದು ದಿನಾ ಸುದ್ದಾ ಆಗಿದ್ದಿಲ್ಲ. ಆ ಮಾತು ನಿಲ್ಲಬಾರದಿತ್ತು, ಅಷ್ಟ ನನಗ ಬೇಕಾಗಿತ್ತು.

ಅದಕ್ಕ ಓದಿ ಕಲಿತೆ. ಕೆಲಸಾ ಮುಗಿಸಿ ಬರೂವಾಗ ಮಗ ಒಂದು ಅಂಕಿ ತರತಾನಂತ, ಅಪ್ಪ ಅದನ್ನ ನೋಡಬೇಕಂತ. ಹುರುಪಿನಿಂದ ಮಾಲಕ್ರಿಗೆ ಹೇಳಾಕ ಹೋದೆ.

“ಮಗ ಸೊನ್ನಿ ತಂದ್ರ ಎಲ್ಲಾ ಛಲೋ ಆಗೇತಿ ಅಂತ ಅರ್ಥರೀ.”

“ಸೊನ್ನಿ ತಂದ್ರ ಛಲೋ?”

“ಹೌದ್ರಿ.”

“ನಮ್ಮ ಹುಡುಗ ಗಣಿತದಾಗ ಸೊನ್ನಿ ತಂದಿದ್ದ, ಎರಡು ಬಾರಿಸಿದೆ. ಆವಾಗ ಎಲ್ಲಿದ್ದಿ ತಂಗಿ ನೀ?” ಅಂದ್ರು. ಆಮ್ಯಾಲೆ ಒಂಚೂರು ವಿಚಾರ ಮಾಡಿ, “ಹಂಗಾರ ಕೆಟ್ರ ಎಷ್ಟ ತರತಾನ?” ಅಂತ ಕೇಳಿದ್ರು.

“ಒಂದರಿಂದ ಇನ್ನೂರಾ ಐವತ್ತೈದರ ತನಕಾ ಯಾವದರೆ ತರಬಹುದ್ರಿ.”

“ಛಲೋ ಆಗಾಕ ಒಂದ ದಾರಿ, ಕೆಡಾಕ ಇನ್ನೂರಾ ಐವತ್ತೈದು!” ಮಾಲಕ್ರು ಹಣಿ ಬಡಕೊಂಡ್ರು. “ಇದನ್ನ ಮಾಡಿದಾಂವಾ ಯಾರ ಇರಲಿ, ಮೊದಲ ಒಂದು ಮಗ್ಗದ ಕಾರಖಾನಿ ನಡಸ್ಯಾನ.”

೩. ಕಾಕಾ ತಂದ ಸುದ್ದಿ

ನಡುವ ಒಂದು ಐತವಾರ ತವರುಮನಿಗೆ ಹೋಗಿದ್ದೆ. ಅವತ್ತ ನಮ್ಮ ಕಾಕಾ ತಮ್ಮ ಮಗಳ ಸಂಬಂಧದ ಮಾತುಕತಿಗೆ ಜಯಸಿಂಗಪುರಕ್ಕ ಹೋಗಿದ್ರು. ಮಧ್ಯಾಹ್ನ ಬಸ್ಸಿಳದು, ಧೂಳಾಗಿ, ಮನಿಗೆ ಬಂದ್ರು. ಕಾಕು ಬಾಗಲಾಗ ನಿಂತಿದ್ರು.

“ಏನಾತ್ರಿ?”

“ಆತು,” ಅಂದು ಕಾಕಾ ಕೈಕಾಲು ತೊಳಿಯಾಕ ಹಿತ್ತಲಕ್ಕ ಹೋದ್ರು.

ಕಾಕು ನಿಲ್ಲಲಿಲ್ಲ. ಸಕ್ರಿ ಡಬ್ಬಿ ತಗೊಂಡು ಹೊರಗ ಬಿದ್ರು. ಆಜೂಬಾಜೂ ಐದು ಮನಿಗೆ ಸಕ್ರಿ ಹಂಚಿ, ಲಗ್ನಾ ಯಾವ ತಿಂಗಳು ಅನ್ನೂದನ್ನೂ ಹೇಳಿ ಬಂದ್ರು. ಕಾಕಾ ಮಾರಿ ಒರಸಿಕೋತ ಬರೂದ್ರಾಗ ಪಡಸಾಲಿ ತುಂಬ ಹೆಣ್ಮಕ್ಕಳು.

“ಇದೇನ, ಯಾಕ ಬಂದಾರ ಎಲ್ಲಾರೂ?”

“ನೀವ ಆತು ಅಂದ್ರೆಲ್ಲಾ!”

“ಅಯ್ಯ, ಮಾತುಕತಿ ಮುಗದ ಆತು ಅಂದೆ. ಅವರು ಒಲ್ಲೆ ಅಂದ್ರು.”

ಕಾಕು ಸೆರಗಿನಿಂದ ಕಣ್ಣ ಒರಸಿಕೊಂಡ್ರು. ನನಗೂ ಕೆಟ್ಟ ಅನಸ್ತು. ನಾ ಬರದ ಸ್ಕ್ರಿಪ್ಟಿಗೂ, ಹೆಂಗಾತು ಅಂತ ಕೇಳದ ಸಕ್ರಿ ಹಂಚಿದ ಕಾಕುಗೂ ಏನೂ ಫರಕ ಇದ್ದಿಲ್ಲ. ಮಗಳು ಮಾತ್ರ ಒಳಗಿಂದ ಬಂದು, ಅವ್ವನ ಕೈಯಾಗಿನ ಡಬ್ಬಿ ಇಸಗೊಂಡು, ಒಂದು ಮುಷ್ಟಿ ಸಕ್ರಿ ಬಾಯಾಗ ಹಾಕ್ಕೊಂಡು ಹೇಳಿದ್ಲು: “ನನಗೂ ಅಂವಾ ಬ್ಯಾಡಾಗಿದ್ದ. ಹಂಚಿದ್ದು ಛಲೋ ಆತು ಬಿಡವಾ.”

೪. ನವಿಲು

ಇಷ್ಟೆಲ್ಲಾ ಆದ ಮ್ಯಾಲೆ ನಾ ಶಾಣ್ಯಾಕಿ ಆದೆ. ಮಗ ತಂದ ಅಂಕಿ ನನಗಷ್ಟ ಅಲ್ಲ, ಮಗ್ಗ ನಡಸೂ ಜಾಬರಣ್ಣನ ಮೊಬೈಲಿಗೂ ಹೋಗಬೇಕು ಅಂತ ಸ್ಕ್ರಿಪ್ಟಿನಾಗ ಬರದೆ. “ಅಣ್ಣಾ, ಡಿಝೈನ್ ಹೆಸರಿನ ಮುಂದ ಒಂದು ಅಂಕಿ ಬರತೈತಿ, ಅದರ ಪ್ರಕಾರ ಮಾಡ್ರಿ,” ಅಂತ ಹೇಳಿದೆ. “ಆತ್ರಿ ಅಕ್ಕಾರ,” ಅಂದ. ಅದರ ಪ್ರಕಾರ ಅಂದ್ರ ಯಾವ ಪ್ರಕಾರ ಅಂತ ನಾ ಹೇಳಲಿಲ್ಲ, ಅಂವಾ ಕೇಳಲಿಲ್ಲ.

ಶೇಟ್ರು ಬರೂ ಎರಡು ದಿನಾ ಮೊದಲ ಮೂರೂ ಡಿಝೈನ್ ಕಳಿಸಿದೆ. ಮಾವಿನಕಾಯಿ ಛಲೋ ಆತು, ಕಮಲಾನೂ ಛಲೋ ಆತು. ನವಿಲಿನ ಕೆಲಸಾ ಮಾಡೂವಾಗ ಮಗ ಅರ್ಧಕ್ಕ ಕೈ ಎತ್ತಿ, ಒಂದು ಅನ್ನೂ ಅಂಕಿ ತಗೊಂಡು ಹೊಳ್ಳಿ ಬಂದ. ಫೈಲಿನಾಗ ಬಾಲಾ ಮತ್ತ ಮೈ ಅಷ್ಟ ಇದ್ದವು, ತಲಿ ಇದ್ದಿಲ್ಲ. ಸ್ಕ್ರೀನ್ ಮ್ಯಾಲೆ ಬಂದದ್ದು ಸೊನ್ನಿ ಅಲ್ಲ ಅನ್ನೂದಷ್ಟ ನೋಡಿದೆ, ಎಷ್ಟೈತಿ ಅಂತ ನೋಡಲಿಲ್ಲ. ಇರಲಿ, ನವಿಲು ಕೆಟ್ಟೈತಿ ಅಂತ ಜಾಬರಣ್ಣಗೂ ಗೊತ್ತಾಗಿರತೈತಿ, ಎರಡು ನಮೂನಾ ಸಾಕು ಅಂತ ನಾ ನಿಶ್ಚಿಂತಿ ಇದ್ದೆ. ಶೆಡ್ಡಿನಾಗಿನ ಮಗ್ಗದ ಸಪ್ಪಳಾ ಕೇಳಿದಾಗೆಲ್ಲಾ ನನ್ನ ಮಾವಿನಕಾಯಿ ನೇಯಾಕತ್ತಾರ ಅಂತ ಒಳಗಿಂದೊಳಗ ಹಿಗ್ಗತಿದ್ದೆ.

ಶೇಟ್ರನ್ನ ಕರಕೊಂಡು ಮಾಲಕ್ರು ಶೆಡ್ಡಿಗೆ ಬಂದ್ರು, ಹಿಂದ ನಾನು. ಮೇಜಿನ ಮ್ಯಾಲೆ ಅರಿವಿ ಥಾನಿನ ಗುಡ್ಡ. ಶೇಟ್ರು ಒಂದು ಥಾನ್ ಬಿಚ್ಚಿದ್ರು. ನವಿಲು, ನವಿಲು, ನವಿಲು, ಒಂದಕ್ಕೂ ತಲಿ ಇಲ್ಲ.

“ಹೇ ಕಾಯ್? ಮೋರಾಚಂ ಡೋಕಂ ಕುಠಂ ಆಹೆ?” ಅಂದ್ರು ಶೇಟ್ರು ಮರಾಠಿಯಾಗ. ನವಿಲಿನ ತಲಿ ಎಲ್ಲೈತಿ ಅಂತ.

ಮಾಲಕ್ರು ನನ್ನ ಕಡೆ ನೋಡಿದ್ರು. ನಾ ಜಾಬರಣ್ಣನ ಕಡೆ ನೋಡಿದೆ. “ಮಾವಿನಕಾಯಿ, ಕಮಲಾ ಎಲ್ಲಿ ಅಣ್ಣಾ?”

“ಅವನ್ನ ನೇಯ್ದಿಲ್ರಿ ಅಕ್ಕಾರ. ನೀವ ಬ್ಯಾಡ ಅಂದ್ರಲ್ಲಾ!” ಅಂದು ಅಂವಾ ಮೊಬೈಲ್ ತಗದು ತೋರಿಸಿದ. ಮಾವಿನಕಾಯಿ ೦. ಕಮಲಾ ೦. ನವಿಲು ೨೫೬.

“ಸೊನ್ನಿ ಮೀಟರ್ ಅಂದ್ರ ನೇಯೂದೇನೈತ್ರಿ? ನವಿಲು ಮಾತ್ರ ಇನ್ನೂರಾ ಐವತ್ತಾರು ಮೀಟರ್ ಅಂದಿದ್ರಿ. ನಾಕು ಮಗ್ಗಕ್ಕ ಹಂಚಿ ಹಚ್ಚಿದೆ. ಒಂದು ಗೇಣು ಸುದ್ದಾ ಹೆಚ್ಚುಕಡಿಮಿ ಇಲ್ಲ, ಬೇಕಾರ ಅಳೀರಿ.”

ನೆಲಾ ಬಾಯಿ ಬಿಟ್ಟು ನನ್ನ ನುಂಗಬಾರದ ಅನಸ್ತು. ಮಗ ತಂದದ್ದು ಬರೇ ಒಂದು ಅಂದೆ, ಅದು ಇನ್ನೂರಾ ಐವತ್ತಾರು ಹೆಂಗಾತು ಅಂತ ಮಾಲಕ್ರು ಕೇಳಿದ್ರು. ಈ ಪರ್ಲ್ ಭಾಷಾ ಮಗ ತಂದ ಅಂಕೀನ ಇನ್ನೂರಾ ಐವತ್ತಾರರಿಂದ ಗುಣಿಸಿ ಕೊಡತೈತಿ, ನಾವು ಹೊಳ್ಳಿ ಭಾಗಿಸಿಕೊಂಡು ಓದಬೇಕು, ನಾ ಭಾಗಿಸೂದು ಮರ್ತೆ ಅಂತ ಹೇಳಿದೆ. ಗುಣಿಸೂದ ಯಾಕ ಅಂದ್ರು. ಅದಕ್ಕ ಮತ್ತೊಂದು ಅರ್ಧಾ ತಾಸು ಹೇಳಿದೆ. ಹೇಳಿದಷ್ಟೂ ಅವರ ಹುಬ್ಬು ಮ್ಯಾಲೆ ಹೋದ್ವು. ಕಡೀಕ ನನ್ನ ಬಿಟ್ಟು ಜಾಬರಣ್ಣನ ಮ್ಯಾಲೆ ಹರಿಹಾಯ್ದ್ರು.

“ಎರಡು ದಿನಾ ತಲಿ ಇಲ್ಲದ ನವಿಲು ನೇಯ್ದೆಲ್ಲೋ! ಒಮ್ಮೆರೆ ಕೇಳಬೇಕು ಅನಸಲಿಲ್ಲೇನು?”

“ಅನಸ್ತ್ರಿ ಮಾಲಕ್ರ. ಆದ್ರ ಕಂಪ್ಯೂಟರ್ ಡಿಝೈನ್ ನೋಡ್ರಿ, ಮೊದಲ ಎಲ್ಲಾ ಮೈ ಮುಗಿಸಿ ಕಡೀಕ ಎಲ್ಲಾ ತಲಿ ಒಮ್ಮೆಲೆ ಬರತಾವೇನೋ ಅಂತ ಕಾಯಕೋತ ನೇಯ್ದೆ.”

ಶೇಟ್ರು ನಕ್ಕು ನಕ್ಕು ನೂಲಿನ ಚೀಲದ ಮ್ಯಾಲೆ ಕುಂತಬಿಟ್ರು. ಕಣ್ಣ ಒರಸಿಕೊಂಡು, “ಚಹಾ ತರಸ್ರಿ. ಉಳಿದ ಎರಡನ್ನ ನನ್ನ ಮುಂದ ನೇಯ್ರಿ, ನೋಡೇ ಹೋಗತೇನಿ,” ಅಂದ್ರು. ಮಾವಿನಕಾಯಿ ಇಳೀತು, ಕಮಲಾ ಇಳೀತು. ಎರಡನ್ನೂ ಬೆಳಕಿಗೆ ಹಿಡದು ನೋಡಿ ಪಾಸ್ ಮಾಡಿದ್ರು.

ನಾ ಆವಾಗಲೇ ಊಟದ ಡಬ್ಬಿ, ಚೀಲಾ ಹಿಡಕೊಂಡು ಬಾಗಲಾಗ ನಿಂತಿದ್ದೆ. ಕಣ್ಣಾಗ ನೀರು ಬಂದಿತ್ತು. ತಲಿ ಇಲ್ಲದ ನವಿಲಿನ ಗುಡ್ಡ ಕಣ್ಣ ಮುಂದ ಇರೂವಾಗ ಯಾವ ಮಾಲಕ ನನ್ನ ಇಟಗೋತಾನ?

“ಈ ಹೆಣ್ಮಗಳನ್ನ ಏನ ಮಾಡತೀರಿ?” ಅಂತ ಶೇಟ್ರು ಕೇಳಿದ್ರು.

ಮಾಲಕ್ರು ಉಸರು ಬಿಟ್ರು. “ಆ ನವಿಲು ನೋಡಿದಾಗ ತಗದ ಹಾಕೂಣು ಅಂತಿದ್ದೆ ಶೇಟ್ರ. ಆದ್ರ ಯಾಕ ಕೆಟ್ಟಿತು ಅಂತ ಈಕಿ ಒಂದು ತಾಸು ತಿಳಿಸಿ ಹೇಳಿದ್ಲು, ನನಗ ಒಂದಕ್ಷರಾ ತಿಳೀಲಿಲ್ಲ. ಈಕಿನ್ನ ಬಿಡಿಸಿದ್ರ, ನಾಳೆ ಮತ್ತ ಕೆಟ್ಟಾಗ ನಾ ಯಾರಿಗೆ ಬಯ್ಯಲಿ?”