ಹಳೆಯ ಪ್ರೊಸೆಸರಿಗೆ ವಾಚಿನಂಗಡಿಯ ಸರ್ವಿಸ್

"ನನ್ನ ಕೈಗೆ ಬಗ್ಗದ ಯಂತ್ರ ಈ ಭೂಮಿ ಮೇಲೆ ಇನ್ನೂ ಹುಟ್ಟಿಲ್ಲ!"

ಶನಿವಾರ ಬೆಳಿಗ್ಗೆ ಚಹಾದ ಲೋಟ ಕೆಳಗಿಡುತ್ತಾ ವಾಚ್ ರಿಪೇರಿಯವರು ಹೀಗೆಂದು ಘೋಷಿಸಿದರು. "ಮಗಳು ಸಂಜೆ ವಾಪಸ್ ಬರೋದ್ರೊಳಗೆ ಅವಳ ಕಂಪ್ಯೂಟರನ್ನ ಸರ್ವಿಸ್ ಮಾಡಿ ಇಟ್ಟಿರ್ತೀನಿ, ನೋಡ್ತಾ ಇರು."

ಹೆಂಡತಿ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವರು. ಹದಿನಾರು ವರ್ಷ ಹೊಸಬರ ಪಕ್ಕದ ಸೀಟಿನಲ್ಲಿ ಕೂತು ಕೂತು, ಅನಾಹುತವನ್ನು ಅದು ಆಗುವುದಕ್ಕೆ ಹತ್ತು ಗಜ ಮೊದಲೇ ವಾಸನೆ ಹಿಡಿಯುವ ಶಕ್ತಿ ಅವರಿಗೆ ಬಂದಿತ್ತು.

"ರೀ, ಬ್ರೇಕ್ ಹಾಕಿ. ಅದು ವಾಚಲ್ಲ."

"ವಾಚಿಗಿಂತ ದೊಡ್ಡದು ತಾನೇ? ದೊಡ್ಡದಾದಷ್ಟೂ ಸುಲಭ ಕಣೇ!"

"ಹಾಗಂತ ಹೇಳಿದವರೇ ಹೋದ ವಾರ ನಮ್ಮ ಸ್ಕೂಲಿನ ಗೇಟಿಗೆ ಲಾರಿ ಗುದ್ದಿದ್ದು," ಎಂದು ಕಾರಿನ ಕೀ ತಿರುಗಿಸುತ್ತಾ ಅವರು ಹೊರಟುಹೋದರು.

ವಿಷಯ ಇಷ್ಟೇ. ಮಗಳ ಗೇಮಿಂಗ್ ಕಂಪ್ಯೂಟರಿಗೆ ಏಳು ವರ್ಷ ತುಂಬಿತ್ತು. ಹೊಸ ಆಟ ಹಾಕಿದರೆ ಪರದೆಯ ಮೇಲೆ ಕುದುರೆಗಳು ಕುಂಟುತ್ತಿದ್ದವು, ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಅರಚುತ್ತಿತ್ತು. ಇನ್ನು ಹತ್ತು ದಿನಕ್ಕೆ ಅವಳು ದೂರದ ಯೂನಿವರ್ಸಿಟಿಗೆ ಹೊರಡುವವಳು. ಪ್ರೊಸೆಸರ್ ಎಂಬ ಆ ಪೆಟ್ಟಿಗೆಯ ಮಿದುಳನ್ನು ಅಷ್ಟರೊಳಗೆ ಬದಲಾಯಿಸಬೇಕೋ ಬೇಡವೋ ಎಂದು ಮೂರು ವಾರದಿಂದ ಮನೆಯಲ್ಲಿ ಮಹಾಧಿವೇಶನ ನಡೆದಿತ್ತು. ಊಟಕ್ಕೆ ಕೂತರೆ ಪ್ರೊಸೆಸರ್, ಕೈ ತೊಳೆದರೆ ಪ್ರೊಸೆಸರ್!

"ಹೊಸದು ಹಾಕಿದ್ರೆ ಜೊತೆಗೇ ತಗೊಂಡ್ ಹೋಗ್ತೀನಪ್ಪಾ," ಎಂದಿದ್ದಳು ಮಗಳು. "ಇಲ್ಲಾಂದ್ರೆ ಇಲ್ಲೇ ಇರ್ಲಿ, ರಜೆಗೆ ಬಂದಾಗ ಆಡ್ಕೋಬಹುದು. ಆದ್ರೆ ಹೀಗೆ ಅರಚ್ತಾ ಇದ್ರೆ ರಜೇಲೂ ಯಾರು ಆಡ್ತಾರೆ?"

"ರಜೆಗೆ ಬಂದಾಗ" ಎಂಬ ಮಾತು ಅಪ್ಪನ ಎದೆಯಲ್ಲಿ ನಾಟಿಕೊಂಡಿತು. ಪಕ್ಕದ ಮನೆಯ ಹುಡುಗ ಓದಲು ಹೋಗುವಾಗ ತನ್ನದೆಲ್ಲವನ್ನೂ ಗಂಟು ಕಟ್ಟಿಕೊಂಡು ಹೋಗಿದ್ದ. ಎರಡು ವರ್ಷದಲ್ಲಿ ಬಂದದ್ದು ಒಂದೇ ಸಲ, ಅದೂ ಮರೆತು ಹೋಗಿದ್ದ ಸೈಕಲ್ ಪಂಪಿಗಾಗಿ! ಪಂಪಿಗೇ ಅಷ್ಟು ಶಕ್ತಿಯಿದ್ದರೆ ಇಡೀ ಕಂಪ್ಯೂಟರಿಗೆ ಎಷ್ಟಿರಬೇಡ? ಅಪ್ಪ ಅಮ್ಮನ ಮುಖ ನೋಡಲು ಬರದಿದ್ದರೂ ಅದರ ಮುಖ ನೋಡಲಾದರೂ ಬರುತ್ತಾಳೆ ಎಂದು ಅವರು ಲೆಕ್ಕ ಹಾಕಿದರು. ಬಾಯಿಬಿಟ್ಟು ಹೇಳಿಕೊಳ್ಳುವ ಲೆಕ್ಕವಲ್ಲ ಅದು. ಆದ್ದರಿಂದ ಅದಕ್ಕೆ ಕಸುಬಿನ ಅಂಗಿ ತೊಡಿಸಿ, "ಓಡೋ ಯಂತ್ರಕ್ಕೆ ಹೊಸ ಮಿದುಳು ಯಾಕೆ? ಕೊಳೆ ತೆಗೆದ್ರೆ ಸಾಕು," ಎಂದು ಸಾರುತ್ತಾ ಬಂದಿದ್ದರು.

ಹಳೆಯ ಕಾಲೇಜಿನಿಂದ ಸರ್ಟಿಫಿಕೇಟು ತರಲು ಮಗಳು ಮೊದಲ ಬಸ್ಸಿಗೆ ಹೋಗಿದ್ದಳು. ಅಂಗಡಿಗೆ ರಜೆ ಹಾಕಿ ಅಪ್ಪ ಕೆಲಸಕ್ಕೆ ಇಳಿದರು. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಬಿಚ್ಚಿದ ಒಂದೊಂದು ಭಾಗವನ್ನೂ ಬಿಚ್ಚಿದ ಕ್ರಮದಲ್ಲೇ ಗುಂಡಗೆ ಜೋಡಿಸುತ್ತಾ ಹೋದರು. ಮೊದಲನೆಯದು ಹನ್ನೆರಡು ಗಂಟೆಯ ಜಾಗಕ್ಕೆ, ಎರಡನೆಯದು ಒಂದು ಗಂಟೆಯ ಜಾಗಕ್ಕೆ. ಏಳು ವರ್ಷದ ಧೂಳನ್ನು ಕುಂಚದಿಂದ ಗುಡಿಸಿದರು. ಎಲ್ಲವೂ ಸುಸೂತ್ರ!

ಉಳಿದದ್ದು ಪ್ರೊಸೆಸರಿನ ನೆತ್ತಿಗೆ ಅಂಟಿಕೊಂಡಿದ್ದ, ಫ್ಯಾನು ಕೂರಿಸಿದ್ದ ಲೋಹದ ಗಟ್ಟಿ. ಸ್ಕ್ರೂ ಬಿಚ್ಚಿ ಜಪ್ಪಯ್ಯ ಅಂದರೂ ಅದು ಅಲುಗಾಡಲಿಲ್ಲ. ವಾಚಿನ ಕಸುಬಿನಲ್ಲಿ ಇದಕ್ಕೊಂದು ಕಟ್ಟಾಜ್ಞೆಯಿದೆ. ಮುಳ್ಳು ಬಿಗಿಯಾಗಿ ಕೂತಿದ್ದರೆ ತಿರುಚಕೂಡದು, ನೇರ ಮೇಲಕ್ಕೆ ಎಳೆಯಬೇಕು. ಗುರುಗಳು ಕಿವಿ ಹಿಂಡಿ ಕಲಿಸಿದ ಪಾಠ. ಅವರು ಗುರುಗಳನ್ನು ನೆನೆದು ನೇರ ಮೇಲಕ್ಕೆ ಎಳೆದರು.

ಟಪ್!

ಫ್ಯಾನಿನ ಜೊತೆಗೆ ಪ್ರೊಸೆಸರೂ ಬೇರುಸಹಿತ ಕಿತ್ತು ಬಂತು. ಅದರ ಹೊಟ್ಟೆಯ ಕೆಳಗೆ ಕೂದಲಿನಷ್ಟು ಸಣ್ಣ ಸಾವಿರಾರು ಕಾಲುಗಳಿದ್ದವು, ಒಂದು ಮೂಲೆಯಲ್ಲಿ ಕೆಲವು ಗಾಳಿಗೆ ಸಿಕ್ಕ ಪೈರಿನ ಹಾಗೆ ಮಲಗಿದ್ದವು.

ಕೂಡಲೇ ಕಂಪ್ಯೂಟರ್ ಅಂಗಡಿಯವನಿಗೆ ಫೋನ್ ಮಾಡಿದರು.

"ಎಳೆದ್ರಾ?" ಅವನು ಹೌಹಾರಿದ. "ಶಾಖ ದಾಟಿಸೋಕೆ ಮಧ್ಯೆ ಹಚ್ಚಿರೋ ಪೇಸ್ಟು ಒಣಗಿ ಅಂಟಾಗಿರುತ್ತೆ ಯಜಮಾನ್ರೇ. ಮೆಷೀನ್ ಸ್ವಲ್ಪ ಬಿಸಿಯಾದ ಮೇಲೆ ಆಫ್ ಮಾಡಿ, ಮೆಲ್ಲಗೆ ತಿರುಚಿ ತೆಗೀಬೇಕು. ಎಳೀಲೇಬಾರದು!"

"ಕಾಲು ಬಾಗಿವೆಯಪ್ಪಾ..."

"ಬಿಟ್ಬಿಡಿ. ಹೊಸ ಪ್ರೊಸೆಸರೇ ಹಾಕ್ಸಿ."

ಹೊಸ ಪ್ರೊಸೆಸರ್! ಹಾಕಿಸಿದರೆ ಕಂಪ್ಯೂಟರು ಮಗಳ ಜೊತೆ ಹೋಯಿತು. ಹಾಕಿಸದಿದ್ದರೆ ಮನೆಯಲ್ಲಿ ಉಳಿಯುವುದು ಬರೀ ಡಬ್ಬ. ತಮ್ಮ ಕಾಲ ಮೇಲೆ ತಾವೇ ಚಪ್ಪಡಿ ಎಳೆದುಕೊಂಡಿದ್ದರು. ಮೂವತ್ತು ವರ್ಷದ ಕಸುಬಿನಲ್ಲಿ ಮೊದಲ ಸಲ ಅವರಿಗೆ ತಮ್ಮ ಕೈಗಳ ಮೇಲೆ ಸಿಟ್ಟು ಬಂತು.

ಮಧ್ಯಾಹ್ನ ಹೆಂಡತಿ ಬಂದಾಗ ಗಂಡ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಕೈಯಲ್ಲಿ ಚಿಮಟ ಹಿಡಿದು, ಇಂಗು ತಿಂದ ಮಂಗನ ಹಾಗೆ ಕೂತಿದ್ದರು.

"ಗುದ್ದಿದ್ರಾ?"

"ಗುದ್ದಿದೆ."

"ಅವಳೇನು ಮಿಷಿನ್ ಸರಿ ಮಾಡಿಕೊಡಿ ಅಂತ ನಿಮ್ಮನ್ನ ಕೇಳಿದ್ಲಾ? ಹೊಸದು ಹಾಕ್ಸಿಕೊಂಡು ತಗೊಂಡ್ ಹೋಗ್ತಿದ್ಲಪ್ಪ. ನಿಮಗ್ಯಾಕೆ ಬೇಕಿತ್ತು ಈ ಉಸಾಬರಿ?"

"ಅದಕ್ಕೇ ಕಣೇ," ಎಂದರು ಅವರು ತಲೆ ತಗ್ಗಿಸಿ. "ತಗೊಂಡ್ ಹೋಗ್ತಾಳಲ್ಲ, ಅದಕ್ಕೇ. ಇಲ್ಲೇ ಇದ್ರೆ ರಜೆಗೆ ಬರ್ತಾಳೆ."

ಹೆಂಡತಿ ಕೈಚೀಲ ಕೆಳಗಿಟ್ಟರು. ಆಮೇಲೆ ಮಧ್ಯಾಹ್ನ ಕಲಿಯಲು ಬರುವವರಿಬ್ಬರಿಗೂ ಫೋನ್ ಮಾಡಿ ಇವತ್ತು ಪಾಠವಿಲ್ಲ ಎಂದರು. ತಮ್ಮ ಕಾರಿನಲ್ಲೇ ಹೋಗಿ ಹೊಸ ಪೇಸ್ಟು ತಂದರು. ಟೇಬಲ್ ಲ್ಯಾಂಪನ್ನು ಎತ್ತಿ ಹಿಡಿದು ಗಂಡನ ಪಕ್ಕ ಕೂತರು.

"ಎಡಕ್ಕೆ. ಇನ್ನೂ ಸ್ವಲ್ಪ ಎಡಕ್ಕೆ. ಸಾಕು, ನಿಲ್ಲಿಸಿ! ಅವಸರ ಬೇಡ, ಹಿಂದೆ ಯಾರೂ ಹಾರ್ನ್ ಹೊಡೀತಿಲ್ಲ."

ಬಾಗಿದ ಕಾಲುಗಳು ಇಪ್ಪತ್ತಮೂರು. ಒಂದು ಮುರಿದರೂ ಕಥೆ ಮುಗಿಯಿತು. ಗಂಡ ಉಸಿರು ಬಿಗಿಹಿಡಿದು ಒಂದೊಂದನ್ನೇ ನಿಲ್ಲಿಸಿದರು. ನಿಲ್ಲಿಸಿದ ಮೇಲೆ ಹೆಂಡತಿ ಉಸಿರು ಬಿಟ್ಟರು. ಮಗಳು ಮೊದಲ ಸಲ ಹೆಜ್ಜೆಯಿಟ್ಟ ದಿನವೂ ಇಬ್ಬರೂ ಹೀಗೇ ಉಸಿರು ಹಿಡಿದಿದ್ದರು ಎಂಬುದು ಹದಿನೇಳನೆಯ ಕಾಲಿಗೆ ಬಂದಾಗ ಗಂಡನಿಗೆ ನೆನಪಾಯಿತು, ಕಣ್ಣು ಮಂಜಾಯಿತು. ಭೂತಗನ್ನಡಿ ಒರೆಸಿಕೊಂಡು ಮುಂದುವರಿಸಿದರು.

ಐದೂವರೆಗೆ ಎಲ್ಲವನ್ನೂ ಮರಳಿ ಜೋಡಿಸಿ ಗುಂಡಿ ಒತ್ತಿದರು. ಬೆಳಕು ಬಂತು! ಫ್ಯಾನು ಪಿಸುಗುಟ್ಟಿತಷ್ಟೇ. ಗಂಡ ಹೆಂಡತಿ ಒಬ್ಬರ ಕೈ ಒಬ್ಬರು ಹಿಡಿದು ಕುಣಿಯುವುದೊಂದು ಬಾಕಿ.

ಆರು ಗಂಟೆಗೆ ಬಂದ ಮಗಳಿಗೆ ಅಪ್ಪ ತಪ್ಪೊಪ್ಪಿಗೆಯನ್ನೆಲ್ಲ ಒಂದೇ ಉಸಿರಿನಲ್ಲಿ ಒಪ್ಪಿಸಿದರು. ರಜೆಯ ಲೆಕ್ಕ ಒಂದನ್ನು ಮಾತ್ರ ಬಿಟ್ಟರು. ಅವಳು ಗಾಬರಿಯಿಂದ ಆಟ ಹಾಕಿ ಅರ್ಧ ಗಂಟೆ ಆಡಿದಳು. ಕುದುರೆಗಳು ನಾಗಾಲೋಟದಲ್ಲಿ ಓಡಿದವು.

"ಅಪ್ಪಾ, ನೀನು ಮನುಷ್ಯನೇ ಅಲ್ಲ!" ಎಂದು ಅವಳು ಕುಣಿದಳು. "ಕೊಳೆ ಮತ್ತೆ ಆ ಒಣಗಿದ ಪೇಸ್ಟೇ ಅದರ ಕತ್ತು ಹಿಸುಕ್ತಿತ್ತು. ಹೊಸ ಪ್ರೊಸೆಸರ್ ಬೇಡವೇ ಬೇಡ!"

ಅಪ್ಪನ ಎದೆ ಎರಡಂಗುಲ ಉಬ್ಬಿತು. "ನಾನು ಹೇಳಿರ್ಲಿಲ್ವಾ? ಹಾಗಾದ್ರೆ ಇದು..."

"ಹೀಗೇ ತಗೊಂಡ್ ಹೋಗ್ತೀನಿ! ಇನ್ನು ಐದು ವರ್ಷ ಇದಕ್ಕೆ ಏನೂ ಆಗಲ್ಲ. ಡಬ್ಬ ಹುಡುಕ್ತೀನಿ ಇರಿ," ಎನ್ನುತ್ತಾ ಅವಳು ಅಟ್ಟದ ಏಣಿ ಹತ್ತಿಯೇಬಿಟ್ಟಳು.

ಚೆನ್ನಾಗಿ ರಿಪೇರಿಯಾದ ವಾಚಿನವರು ಮತ್ತೆ ಅಂಗಡಿಯ ಕಡೆ ತಲೆ ಹಾಕುವುದಿಲ್ಲ ಎಂಬುದು ಅವರಿಗೆ ಮೂವತ್ತು ವರ್ಷದಿಂದ ಗೊತ್ತಿದ್ದ ವಿಷಯವೇ. ಮೇಜಿನ ಮೇಲಿನ ಬಿಳಿ ಬಟ್ಟೆಯನ್ನು ಮೆಲ್ಲಗೆ ಮಡಚತೊಡಗಿದರು.

ಹೆಂಡತಿ ಒಮ್ಮೆ ಅಟ್ಟದ ಕಡೆ ನೋಡಿ, ಬಗ್ಗಿ, ಗಂಡನ ಕಿವಿಯಲ್ಲಿ ಹಲ್ಲು ಕಚ್ಚಿ ಕೇಳಿದರು:

"ಅಲ್ಲಾರೀ, ಇಪ್ಪತ್ತಮೂರು ಕಾಲಿನಲ್ಲಿ ಒಂದನ್ನಾದ್ರೂ ಸೊಟ್ಟಗೆ ಬಿಡೋಕೆ ಆಗ್ಲಿಲ್ವೇನ್ರೀ ನಿಮಗೆ?"