ಧಕ್ಕೆಗೆ ಕಟ್ಟಿದ ಸಮುದ್ರಯಾನ

ಕಾಲಿಂಥೊಸ್ ದ್ವೀಪದ ಬಂದರಿನಿಂದ ಹಾಯಿಹಡಗುಗಳು ಗಾಳಿ ಇಲ್ಲದಿರುವಾಗ ಮಾತ್ರ ಹೊರಡತಕ್ಕದ್ದು ಎಂಬ ನಿಯಮ ಜಾರಿಗೆ ಬಂದ ಮೇಲೆ, ಅಲ್ಲಿ ಒಂದೇ ಒಂದು ಹಾಯಿಹಡಗೂ ಅಪಘಾತಕ್ಕೆ ಈಡಾಗಿರಲಿಲ್ಲ. ಒಂದೇ ಒಂದು ಹಾಯಿಹಡಗೂ ಎಲ್ಲಿಗೂ ಹೋಗಿರಲಿಲ್ಲ ಎನ್ನುವುದು ಬೇರೆ ಮಾತು. ಅದನ್ನು ಬಂದರು ಕಚೇರಿಯ ವಾರ್ಷಿಕ ವರದಿಯಲ್ಲಿ ಕಾಣಿಸುವ ಅಗತ್ಯ ಯಾರಿಗೂ ತೋರಿರಲಿಲ್ಲ.

ಆ ನಿಯಮ ಹೊರಟ ದಿನವೇ, ಅದನ್ನು ಹೊರಡಿಸಿದ ಸಚಿವಾಲಯದ ಪಕ್ಕದ ಕೋಣೆಯಿಂದ ಇನ್ನೊಂದು ಪ್ರಕಟಣೆಯೂ ಹೊರಟಿತ್ತು. ಅದು ಹೀಗಿತ್ತು: "ಪರಂಪರೆಯ ಮರದ ಹಡಗುಗಳನ್ನು ಸಂರಕ್ಷಿಸುವ ಸದುದ್ದೇಶದಿಂದ, ಅಂಥ ಪ್ರತಿಯೊಂದು ಹಡಗೂ ಜುಲೈ ಮುಗಿಯುವುದರೊಳಗೆ ಹಣ ತೆತ್ತ ಪ್ರಯಾಣಿಕರನ್ನು ಹೊತ್ತು, ಕೇವಲ ಹಾಯಿಯ ಬಲದಿಂದ, ಒಂದೇ ಯಾನದಲ್ಲಿ ನೂರು ಮೈಲಿ ಕ್ರಮಿಸತಕ್ಕದ್ದು. ತಪ್ಪಿದಲ್ಲಿ ಸದರಿ ಹಡಗು ಪರಂಪರೆಗೆ ಸೇರಿದ್ದಲ್ಲವೆಂದು ಭಾವಿಸಿ, ಸಂರಕ್ಷಣೆಯ ಅಂಗವಾಗಿ ಅದನ್ನು ಯಂತ್ರದ ಮೂಲಕ ಪುಡಿ ಮಾಡತಕ್ಕದ್ದು."

ಯಂತ್ರ ಜೂನ್ ತಿಂಗಳಲ್ಲೇ ಬಂದಿಳಿದಿತ್ತು. ಹಳದಿ ಬಣ್ಣದ ದೊಡ್ಡ ಬುಲ್ಡೋಜರು. ಹಡಗುಗಳು ತಂಗುವ ಕಲ್ಲಿನ ಧಕ್ಕೆಯ ಮೇಲಿನ ಸಂತ ನಿಕೊಲಾಸರ ಚರ್ಚಿನ ನೆರಳಿನಲ್ಲಿ ಅದನ್ನು ನಿಲ್ಲಿಸಿ, ಅದರ ಚಾಲಕ ಎದುರಿನ ಹೋಟೆಲಿನಲ್ಲಿ ಕೂತು ಪಗಡೆ ಆಡುತ್ತ ಆಗಸ್ಟ್ ತಿಂಗಳನ್ನು ಕಾಯುತ್ತಿದ್ದ.

ಆ ದ್ವೀಪದಲ್ಲಿ ಉಳಿದಿದ್ದ ಮರದ ಹಾಯಿಹಡಗು ಒಂದೇ. ಹೆಸರು 'ಪೆಲಾಗಿಯಾ'. ಎರಡು ಹಾಯಿಕಂಬ, ಆರು ಕೋಣೆ. ಅದರ ಕ್ಯಾಪ್ಟನ್ ಸರಾಂತಿಸ್‌ನ ಅಪ್ಪ ಸಾಮೋಸ್ ದ್ವೀಪದಿಂದ ಪೈನ್ ಮರ ತರಿಸಿ ಸ್ವಂತ ಕೈಯಲ್ಲಿ ಕಟ್ಟಿದ ಹಡಗು ಅದು. ಸರಾಂತಿಸ್‌ಗೆ ಅದೆಂದರೆ ಪ್ರಾಣ. ಸುತ್ತಿ ಬಳಸಿ ಹೇಳುವಂಥದ್ದೇನೂ ಇಲ್ಲ, ಅದು ಒಡೆದರೆ ಅವನೂ ಒಡೆದುಹೋಗುತ್ತಿದ್ದ. ಹಾಗೆಯೇ ಅವನಿಗೆ ಇನ್ನೊಂದು ಪ್ರಾಣವೂ ಇತ್ತು, ಮಗಳು ಆಂಥಿ. ಅವಳ ಮದುವೆ ಜುಲೈನ ಕೊನೆಯ ಭಾನುವಾರಕ್ಕೆ ನಿಶ್ಚಯವಾಗಿತ್ತು. ಆಗಸ್ಟ್ ಹುಟ್ಟಿದರೆ ಮೇರಿಯಮ್ಮನ ಉಪವಾಸ, ಪಾದ್ರಿ ಮದುವೆ ಮಾಡಿಸುವುದಿಲ್ಲ. ಉಪವಾಸ ಮುಗಿಯುವಷ್ಟರಲ್ಲಿ ಗಂಡು ಸರಕು ಹಡಗು ಹತ್ತಿ ಹೊರಟುಬಿಡುತ್ತಾನೆ, ತಿರುಗಿ ಬರುವುದು ಮುಂದಿನ ವರ್ಷ. ಮುಂದಿನದು ಅಧಿಕ ವರ್ಷ. ಅಧಿಕ ವರ್ಷದಲ್ಲಿ ಮದುವೆಯಾಗುವಷ್ಟು ಬುದ್ಧಿಗೇಡಿಗಳು ಕಾಲಿಂಥೊಸ್‌ನಲ್ಲಿ ಯಾರೂ ಇರಲಿಲ್ಲ.

ಜೂನ್‌ನಲ್ಲಿ ಒಂದು ದಿನ ಗಾಳಿ ಪೂರ್ತಿ ಬಿದ್ದುಹೋದಾಗ ಸರಾಂತಿಸ್ ನಿಯಮಬದ್ಧವಾಗಿ ಹೊರಟು ನೋಡಿದ. ದೋಣಿಯಿಂದ ಎಳೆಸಿಕೊಂಡು ಬಂದರಿನ ಬಾಯಿ ದಾಟಿ ಹಾಯಿ ಬಿಚ್ಚಿದರೆ, ಅದು ಒಗೆದು ಹಾಕಿದ ಹೊದಿಕೆಯ ಹಾಗೆ ಜೋತುಬಿತ್ತು. ಸಂಜೆಯ ಹೊತ್ತಿಗೆ ನೀರಿನ ಸೆಳೆತ ಹಡಗನ್ನು ಹಿಂದುಮುಂದಾಗಿ ತಂದು ಧಕ್ಕೆಗೇ ಮುಟ್ಟಿಸಿತು. ಹಿಮ್ಮುಖವಾಗಿ ಕ್ರಮಿಸಿದ ದೂರವನ್ನು ಕಚೇರಿಯವರು ಅವನ ಲೆಕ್ಕದಿಂದ ಕಳೆದರು. ಈಗ ಅವನು ಕ್ರಮಿಸಬೇಕಾದದ್ದು ನೂರು ಮೈಲಿ, ಮೇಲೆ ಚಿಲ್ಲರೆ.

ಮರುದಿನ ಅವನು ಬಂದರು ಅಧಿಕಾರಿ ಇಸಿಡೋರೊಸ್‌ರ ಮೇಜಿನ ಮುಂದೆ ನಿಂತ.

"ಸಾಹೇಬ್ರೇ, ಗಾಳಿ ಇದ್ರೆ ಹೋಗ್ಬೇಡ ಅಂತೀರಿ. ಗಾಳಿ ಇಲ್ದಿದ್ರೆ ಹೋಗು ಅಂತೀರಿ. ಏನ್ ಮಾಡ್ಲಿ, ಹಾಯಿಗೆ ಬಾಯಲ್ಲಿ ಊದ್ಲಾ?"

ಇಸಿಡೋರೊಸ್ ಕನ್ನಡಕ ಏರಿಸಿ ನಿಯಮದ ಪ್ರತಿಯನ್ನು ಮೇಲಿಂದ ಕೆಳಗೆ ಓದಿದರು. "ಬಾಯಲ್ಲಿ ಊದೋಕೆ ಅಡ್ಡಿ ಏನೂ ಕಾಣ್ತಿಲ್ಲ ಕ್ಯಾಪ್ಟನ್. ಆದ್ರೆ ಪ್ರಯಾಣಿಕರ ಕೈಲಿ ಊದಿಸ್ಬೇಡಿ. ಪಾಪ, ದುಡ್ಡು ಕೊಟ್ಟಿರ್ತಾರೆ."

ಇಸಿಡೋರೊಸ್ ಕೆಟ್ಟವರಲ್ಲ. ಸರಾಂತಿಸ್‌ನ ಅಪ್ಪನ ಹಡಗಿನಲ್ಲಿ ಚಿಕ್ಕಂದಿನಲ್ಲಿ ಈಜಲು ಹೋದವರು. ಅವರು ನಿಯಮವನ್ನು ಮನೆಗೊಯ್ದು, ಕಾಫಿ ಕುಡಿಯುತ್ತ ಮತ್ತೆ ಮತ್ತೆ ಓದಿ, ಕೊನೆಗೆ ಒಂದು ಸಂಗತಿ ಗಮನಿಸಿದರು. ಹಾಯಿಯ ಬಲದಿಂದ ನೂರು ಮೈಲಿ ಎಂದು ನಿಯಮದಲ್ಲಿತ್ತೇ ಹೊರತು, ಹಡಗು, ಗಾಳಿ ಎರಡರಲ್ಲಿ ಯಾವುದು ಚಲಿಸಬೇಕು ಎಂದು ಇರಲಿಲ್ಲ. ಅವರು ಪಿರೇಯಸ್ ನಗರದ ಸಚಿವಾಲಯಕ್ಕೆ ಬರೆದು ಸ್ಪಷ್ಟೀಕರಣ ಕೋರಿದರು. ಉತ್ತರ ಅನಿರೀಕ್ಷಿತ ವೇಗದಲ್ಲಿ ಬಂತು.

"ಹಡಗು ನಿಂತು ಗಾಳಿ ಹೋದರೂ, ಗಾಳಿ ನಿಂತು ಹಡಗು ಹೋದರೂ ಫಲಿತಾಂಶದಲ್ಲಿ ವ್ಯತ್ಯಾಸ ಕಂಡುಬರುವುದಿಲ್ಲ. ಆದ್ದರಿಂದ ಹಡಗನ್ನು ಧಕ್ಕೆಗೆ ಭದ್ರವಾಗಿ ಕಟ್ಟಿ, ಹಾಯಿ ಏರಿಸಿ, ಅದನ್ನು ದಾಟಿಹೋದ ಗಾಳಿಯ ದೂರವನ್ನು ಯಾನದ ದೂರವೆಂದು ಪರಿಗಣಿಸಬಹುದು. ಯಾನ ಮುಗಿಯುವ ತನಕ ಹಡಗು ನಡುಗಡಲಿನಲ್ಲಿ ಇರುವುದೆಂದು ತಿಳಿಯತಕ್ಕದ್ದು. ಪ್ರಯಾಣಿಕರು ಧಕ್ಕೆಗೆ ಇಳಿದಲ್ಲಿ ಸಮುದ್ರಕ್ಕೆ ಬಿದ್ದರೆಂದು ಭಾವಿಸತಕ್ಕದ್ದು. ಕ್ಯಾಪ್ಟನ್ ಇಳಿದಲ್ಲಿ ಹಡಗು ಮುಳುಗಿತೆಂದು ಭಾವಿಸತಕ್ಕದ್ದು."

ಸರಾಂತಿಸ್ ಅದನ್ನು ಓದಿ ಮೊದಲು ಬೈದ, ಆಮೇಲೆ ಬುಲ್ಡೋಜರನ್ನು ನೋಡಿದ, ಆಮೇಲೆ ಹಗ್ಗ ತರಲು ಹೋದ.

ಜುಲೈ ಮೂರನೇ ವಾರದಲ್ಲಿ ಯಾನ ಆರಂಭವಾಯಿತು. ಪ್ರಯಾಣಿಕರು ನಾಲ್ವರು. ಹೈಡೆಲ್‌ಬರ್ಗಿನ ನಿವೃತ್ತ ದಂತವೈದ್ಯರೊಬ್ಬರು, ಅವರ ಹೆಂಡತಿ, ಅವರ ಹೆಂಡತಿಯ ಇಬ್ಬರು ಅಕ್ಕಂದಿರು. 'ಪುಟ್ಟ ಹಾಯಿಹಡಗಿನಲ್ಲಿ ಮೆಡಿಟರೇನಿಯನ್ ವಿಹಾರ, ನಾಲ್ಕು ದ್ವೀಪಗಳ ದರ್ಶನ' ಎಂಬ ಜಾಹೀರಾತು ನೋಡಿ ಬಂದವರು. ಬಡಗಣ ಗಾಳಿ ಮೆಲ್ತೆಮಿ ಜೋರಾಗಿ ಬೀಸುತ್ತಿತ್ತು. ಗಾಳಿ ಅಳೆಯುವ ಯಂತ್ರವನ್ನು ಚರ್ಚಿನ ಗಂಟೆಗೋಪುರಕ್ಕೆ ಕಟ್ಟಿದ್ದರು. ದಿನಕ್ಕೆ ಒಂದು ಗಂಟೆ ಬೀಸಿದ ಗಾಳಿಯನ್ನು ಮಾತ್ರ ಕಚೇರಿಯವರು ಲೆಕ್ಕಕ್ಕೆ ಹಿಡಿಯುತ್ತಿದ್ದರು. ಹಾಯಿ ಏರಿದ್ದೇ ತಡ ಹಡಗು ಒಂದು ಮಗ್ಗುಲಿಗೆ ವಾಲಿ, ಹಗ್ಗಗಳೆಲ್ಲ ಕಿರ್ರೆಂದು, ತಟ್ಟೆ ಲೋಟ ಉರುಳಿ, ದಂತವೈದ್ಯರು ವಾಂತಿ ಮಾಡಿಕೊಂಡರು. ಸ್ವಲ್ಪ ಸುಧಾರಿಸಿಕೊಂಡು ಅವರು ಕೇಳಿದರು:

"ಕ್ಯಾಪ್ಟನ್, ಹೊರಡೋದು ಯಾವಾಗ?"

"ಹೊರಟು ಹನ್ನೊಂದು ಮೈಲಿ ಆಯ್ತಲ್ಲ ಡಾಕ್ಟ್ರೇ."

"ಚರ್ಚು ಅಲ್ಲೇ ಇದೆಯಲ್ಲ?"

"ಇರುತ್ತೆ. ಅದಕ್ಕೆ ಹಾಯಿ ಇಲ್ವಲ್ಲ."

ಡಾಕ್ಟರು ಹೆಂಡತಿಯ ಮುಖ ನೋಡಿದರು. ಆಕೆ ಅನುಭವಸ್ಥೆ. ಹೋದ ವರ್ಷ ನಾಲ್ಕು ಸಾವಿರ ಜನರ ದೊಡ್ಡ ಹಡಗಿನಲ್ಲಿ ಹೋಗಿದ್ದಾಗ ಸಮುದ್ರವೇ ಕಾಣಿಸಿರಲಿಲ್ಲವೆಂದೂ, ಇಲ್ಲಿ ಕಡೇಪಕ್ಷ ಅಲುಗಾಡುತ್ತಿದೆಯೆಂದೂ ಹೇಳಿ ಟೋಪಿಯನ್ನು ಗಲ್ಲಕ್ಕೆ ಕಟ್ಟಿಕೊಂಡರು.

ದ್ವೀಪಗಳ ದರ್ಶನವನ್ನು ಎದುರಿನ ಹೋಟೆಲಿನ ವ್ರೆಟೋಸ್ ವಹಿಸಿಕೊಂಡ. ಇವನು ಗಂಡಿನ ಅಪ್ಪ, ಅಂದರೆ ಸರಾಂತಿಸ್‌ಗೆ ಬೀಗ. ಸೋಮವಾರ ತನ್ನ ಹೋಟೆಲಿಗೆ 'ಪಾರೋಸ್' ಎಂದು ಫಲಕ ಹಾಕಿದ. ಬುಧವಾರ 'ನಾಕ್ಸೋಸ್' ಎಂದು ಬದಲಿಸಿದ. ಪ್ರಯಾಣಿಕರು ಡೆಕ್ ಮೇಲಿಂದಲೇ ಫೋಟೊ ತೆಗೆದರು, ನಾಕ್ಸೋಸ್ ಹೆಚ್ಚು ಚಂದ ಎಂದು ಅಭಿಪ್ರಾಯಪಟ್ಟರು. ಊಟ ಅವನಲ್ಲಿಂದಲೇ. ಆದರೆ ನಡುಗಡಲಿಗೆ ಧಕ್ಕೆಯಿಂದ ತಟ್ಟೆ ದಾಟಿಸುವಂತಿಲ್ಲ, ಆದ್ದರಿಂದ ಅವನು ತನ್ನ ದೋಣಿಯಲ್ಲಿ ಹಡಗಿನ ಹಿಂದಿನಿಂದ ಸುತ್ತಿಕೊಂಡು ಬಂದು ಕೊಡುತ್ತಿದ್ದ, ಸಾಗಣೆ ವೆಚ್ಚ ಸೇರಿಸುತ್ತಿದ್ದ.

"ಬೀಗ್ರೇ, ನಿನ್ನೆ ಇದೇ ಆಕ್ಟೋಪಸ್ಸು ಅರ್ಧ ರೇಟಿಗೆ ಇತ್ತಲ್ಲ?"

"ನಿನ್ನೆ ಪಾರೋಸು ಬೀಗ್ರೇ. ನಾಕ್ಸೋಸ್ ಇನ್ನೂ ದೂರ ಅಲ್ವಾ? ಸಾಗಿಸ್ಬೇಕಲ್ಲ!"

ಸರಾಂತಿಸ್‌ನ ಹೆಂಡತಿ ಕಲಿಯೋಪಿಯೂ ಅದೇ ದೋಣಿಗೆ ಬಾಡಿಗೆ ಕೊಟ್ಟು, ಅನ್ನ ತುಂಬಿಸಿ ಬೇಯಿಸಿದ ಟೊಮೆಟೊ ಹೊತ್ತು ಬರುತ್ತಿದ್ದಳು. "ಮನೆ ಕಿಟಕಿಯಿಂದ ಎಸೆದ್ರೆ ನಿನ್ನ ತಲೆ ಮೇಲೆ ಬೀಳುತ್ತೆ ಇದು," ಎಂದು ಅವಳು ದೋಣಿಯಲ್ಲಿ ನಿಂತು ಕೂಗಿದಳು. "ಮಗಳ ಮದ್ವೆ ಇಟ್ಕೊಂಡು ಇಲ್ಲಿ ಏನ್ ಆಟ ಆಡ್ತಿದೀಯ? ಕೋಟು ಅಳತೆ ಕೊಡ್ಬೇಕು ಅಂತ ದರ್ಜಿ ಮೂರು ಸಲ ಬಂದ."

"ಶನಿವಾರಕ್ಕೆ ನೂರು ಮುಗಿಯುತ್ತೆ ಕಣೇ. ಭಾನುವಾರ ಬೆಳಿಗ್ಗೆ ಮನೇಲಿರ್ತೀನಿ."

"ಗಾಳಿಗೆ ಹೇಳಿದೀಯಾ?"

"ಮೆಲ್ತೆಮಿ ಜುಲೈನಲ್ಲಿ ಯಾವತ್ತಾದ್ರೂ ನಿಂತಿದೆಯಾ? ಹೋಗು ಹೋಗು, ಅಲೆ ಜಾಸ್ತಿ ಆಗ್ತಿದೆ, ದಡ ಸೇರ್ಕೊ."

ಕಲಿಯೋಪಿ ಅವನನ್ನೇ ಒಂದು ಕ್ಷಣ ದಿಟ್ಟಿಸಿದಳು. ನೀರು ಕೊಳದ ಹಾಗೆ ಇತ್ತು. ಆಮೇಲೆ ದೋಣಿಯವನಿಗೆ ಹುಷಾರಾಗಿ ಹುಟ್ಟು ಹಾಕಲು ಹೇಳಿದಳು.

ಆ ಹೊತ್ತಿಗೆ ಸರಾಂತಿಸ್ ಗಡ್ಡ ಬಿಟ್ಟಿದ್ದ, ಚುಕ್ಕಾಣಿಯ ಪಕ್ಕದಲ್ಲೇ ಮಲಗುತ್ತಿದ್ದ. ಪಾರೋಸ್‌ನ ದಕ್ಷಿಣಕ್ಕೆ ಬಂಡೆಗಳಿವೆಯೆಂದು ಮುಂಜಾನೆ ಎದ್ದು ಚುಕ್ಕಾಣಿ ತಿರುಗಿಸುತ್ತಿದ್ದ. ದಿನಕ್ಕೆರಡು ಸಲ ರೇಡಿಯೊದಲ್ಲಿ ತಾನಿರುವ ಜಾಗ ತಿಳಿಸುತ್ತಿದ್ದ. ಇಸಿಡೋರೊಸ್ ಧಕ್ಕೆಯ ಮೇಲೆ, ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ನಿಂತು, ತಮ್ಮ ರೇಡಿಯೊದಲ್ಲಿ ಕೇಳಿಸಿಕೊಂಡು, "ಸಿಗ್ನಲ್ ಸ್ಪಷ್ಟವಾಗಿದೆ, ಶುಭಪ್ರಯಾಣ," ಎನ್ನುತ್ತಿದ್ದರು.

ಶುಕ್ರವಾರ ಮಧ್ಯಾಹ್ನ, ಎಂಬತ್ತೆಂಟನೇ ಮೈಲಿಯಲ್ಲಿ, ಗಾಳಿ ನಿಂತಿತು.

ಶನಿವಾರವೂ ಬರಲಿಲ್ಲ. ಹಾಯಿಗಳು ಜೋತುಬಿದ್ದವು. ದಂತವೈದ್ಯರು ನಡುಗಡಲಿನಲ್ಲಿ ಸಿಕ್ಕಿಕೊಂಡೆವೆಂದು ಮನೆಗೆ ಫೋನ್ ಮಾಡಿ ಉಯಿಲು ಎಲ್ಲಿದೆಯೆಂದು ಮಗನಿಗೆ ತಿಳಿಸಿದರು. ಸರಾಂತಿಸ್ ರೇಡಿಯೊ ಎತ್ತಿಕೊಂಡ.

"ಸಾಹೇಬ್ರೇ, ನಾಳೆ ಸಂಜೆ ಒಂದು ಗಂಟೆ ಹೊತ್ತು ಇಳಿದು ಬರ್ತೀನಿ. ಚರ್ಚಿನ ಬಾಗಿಲಲ್ಲಿ ಮಗಳನ್ನ ಗಂಡಿನ ಕೈಗೆ ಕೊಡ್ಬೇಕು, ಅಷ್ಟೇ. ಅಪ್ಪ ಅಲ್ದೆ ಇನ್ಯಾರು ಕೊಡ್ತಾರೆ?"

"ಇಳಿದ್ರೆ ಹಡಗು ಮುಳುಗಿದ ಹಾಗೆ ಕ್ಯಾಪ್ಟನ್. ಮತ್ತೆ ಸೊನ್ನೆಯಿಂದ ಶುರು. ಜುಲೈ ಉಳಿದಿರೋದೇ ನಾಲ್ಕು ದಿನ." ಇಸಿಡೋರೊಸ್ ರೇಡಿಯೊ ಆರಿಸಿ, ಎದುರಿಗೇ ಮೆಲ್ಲಗೆ ಹೇಳಿದರು: "ನನ್ನ ಕೈಲಿ ಏನೂ ಇಲ್ಲ ಕಣಪ್ಪ."

ರೇಡಿಯೊ ಇಲ್ಲದೆ ಆಡಿದ ಮಾತಾದ್ದರಿಂದ ಸರಾಂತಿಸ್‌ಗೆ ಅದು ಕೇಳಿಸಲಿಲ್ಲ.

ಭಾನುವಾರ ಸಂಜೆ ಪಿಟೀಲಿನವನು ಮುಂದೆ, ಮದುವಣಗಿತ್ತಿ ಹಿಂದೆ, ಊರೆಲ್ಲ ಅವಳ ಹಿಂದೆ, ಮೆರವಣಿಗೆ ಧಕ್ಕೆಯ ಮೇಲೆ ಬಂತು. ಚರ್ಚಿನ ಬಾಗಿಲಲ್ಲಿ ಗಂಡು ಹೂಗುಚ್ಛ ಹಿಡಿದು ನಿಂತಿದ್ದ. 'ಪೆಲಾಗಿಯಾ'ದ ಎದುರು ಬಂದಾಗ ಆಂಥಿ ನಿಂತಳು. ಪಿಟೀಲೂ ನಿಂತಿತು. ಸರಾಂತಿಸ್ ಹೊಸ ಕೋಟು ತೊಟ್ಟು ಡೆಕ್ಕಿನ ಅಂಚಿನಲ್ಲಿದ್ದ. ಕೋಟಿನ ತೋಳು ಗಿಡ್ಡವಾಗಿತ್ತು, ದರ್ಜಿ ಧಕ್ಕೆಯಿಂದಲೇ ಅಂದಾಜಿನಲ್ಲಿ ಅಳೆದಿದ್ದ.

"ಅಪ್ಪಾ, ಇಳಿ," ಎಂದಳು ಆಂಥಿ. "ಹಡಗು ಹೋದ್ರೆ ಹೋಗ್ಲಿ. ಬಾ ಅಪ್ಪಾ."

ಬಿಳಿ ಸಮವಸ್ತ್ರದಲ್ಲಿದ್ದ ಇಸಿಡೋರೊಸ್ ಬೆವರು ಒರೆಸಿಕೊಂಡರು. ಆಮೇಲೆ ಇಪ್ಪತ್ತೇಳು ವರ್ಷದ ನೌಕರಿಯಲ್ಲಿ ಒಮ್ಮೆಯೂ ಮಾಡದ ಕೆಲಸ ಮಾಡಿದರು. ಹಡಗಿಗೆ ಬೆನ್ನು ತಿರುಗಿಸಿ ನಿಂತು, ಗಟ್ಟಿಯಾಗಿ, "ನನಗೆ ಸ್ವಲ್ಪ ಹೊತ್ತು ಏನೂ ಕಾಣಿಸೋದಿಲ್ಲ," ಎಂದರು. ಪಾದ್ರಿ ಆಕಾಶ ನೋಡಿದರು. ಬುಲ್ಡೋಜರಿನ ಚಾಲಕನೂ ಬೂಟಿನ ದಾರ ಕಟ್ಟಿಕೊಳ್ಳಲು ಬಗ್ಗಿದ. ವ್ರೆಟೋಸ್ ಓಡಿ ಹೋಗಿ ಒಂದು ಹಲಗೆ ತಂದು ಹಡಗಿಗೂ ಧಕ್ಕೆಗೂ ನಡುವೆ ಇಟ್ಟ, ಬಾಡಿಗೆ ಕೇಳಲಿಲ್ಲ.

ಸರಾಂತಿಸ್ ಹಲಗೆಯ ಮೇಲೆ ಒಂದು ಕಾಲಿಟ್ಟ. ಕೆಳಗೆ ನೋಡಿದ. ಹಡಗಿಗೂ ಕಲ್ಲಿಗೂ ನಡುವಿನ ಒಂದು ಮೊಳ ಅಗಲದ ನೀರಿನಲ್ಲಿ ಒಂದು ಕಿತ್ತಳೆ ಸಿಪ್ಪೆ ತೇಲುತ್ತಿತ್ತು. ಕಾಲನ್ನು ಹಿಂದಕ್ಕೆ ಎಳೆದುಕೊಂಡ.

"ಎಷ್ಟು ಆಳ ಇದೆ ನೋಡು ಮಗಳೇ," ಎಂದ. "ನಡುಗಡಲಲ್ಲಿ ಹೆಂಗೆ ಇಳೀಲಿ?"

ಆಂಥಿ ಬಗ್ಗಿ ನೀರು ನೋಡಿದಳು. ತುಂಬ ಹೊತ್ತು ನೋಡಿದಳು. ಅಪ್ಪನ ಮುಖ ನೋಡಿದಳು. ಕೊನೆಗೆ ಕಣ್ಣೊರೆಸಿಕೊಂಡು, "ಹೌದಪ್ಪಾ, ಆಳ ಇದೆ," ಎಂದಳು. "ನೀನು ಜೋಪಾನವಾಗಿ ಬಾ. ನಾವು ಕಾಯ್ತಿರ್ತೀವಿ."

ಇಸಿಡೋರೊಸ್ ಈಚೆಗೆ ತಿರುಗಿದರು. ಸಮುದ್ರದಲ್ಲಿರುವ ಕ್ಯಾಪ್ಟನ್ನನ ಪರವಾಗಿ ದಡದ ಮೇಲಿನ ಕರ್ತವ್ಯಗಳನ್ನು ಬಂದರು ಅಧಿಕಾರಿ ನಿರ್ವಹಿಸಬಹುದೆಂಬ ನಿಯಮವೊಂದು ಅವರಿಗೆ ನೆನಪಾಯಿತು. ಟೋಪಿ ಸರಿಮಾಡಿಕೊಂಡು ಆಂಥಿಗೆ ತೋಳು ಕೊಟ್ಟರು. ಪಿಟೀಲು ಮತ್ತೆ ಶುರುವಾಯಿತು.

ಒಳಗೆ ವಧೂವರರ ತಲೆಗೆ ಕಿರೀಟ ಇಡುವ ಹೊತ್ತಿಗೆ ಗಾಳಿ ಬಂತು. ಹಾಯಿಗಳು ಉಬ್ಬಿದವು, ಹಗ್ಗಗಳು ಬಿಗಿದವು. ಸರಾಂತಿಸ್ ಓಡಿಹೋಗಿ ಚುಕ್ಕಾಣಿ ಹಿಡಿದ. ಆ ಸಂಜೆಯೇ ನೂರು ಮೈಲಿ ದಾಟುವುದು ಖಚಿತವಾಗಿತ್ತು. ಮದುವೆ ಮುಗಿದು ಜನ ಹೊರಬಂದು ಅಕ್ಕಿ ಎರಚಿದಾಗ ಒಂದಿಷ್ಟು ಕಾಳು ಗಾಳಿಗೆ ಹಾರಿ ಡೆಕ್ ಮೇಲೂ ಬಿತ್ತು. ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಸಕ್ಕರೆ ಬಾದಾಮಿ ಹಂಚುತ್ತಿದ್ದ ಕಲಿಯೋಪಿ, "ಅವನೊಬ್ಬ ಇದ್ದಿದ್ರೆ ಚೆನ್ನಾಗಿತ್ತು. ಏನ್ ಮಾಡೋದು, ಸಮುದ್ರದ ಮೇಲಿದ್ದಾನೆ," ಎನ್ನುತ್ತಿದ್ದಳು. ಬಂದವರು ಹಡಗಿನ ಕಡೆ ನೋಡಿ, ನಾವಿಕರ ಮನೆಯ ಹಣೆಬರಹವೇ ಇಷ್ಟು ಎಂದು ಅವಳನ್ನು ಸಮಾಧಾನಪಡಿಸಿ, ಬಾದಾಮಿ ತೆಗೆದುಕೊಳ್ಳುತ್ತಿದ್ದರು.

ಸರಾಂತಿಸ್ ಚರ್ಚಿಗೆ ಬೆನ್ನು ಹಾಕಿ ಚುಕ್ಕಾಣಿ ಹಿಡಿದೇ ಅಳುತ್ತಿದ್ದ. ದಂತವೈದ್ಯರು ಹತ್ತಿರ ಬಂದರು.

"ಏನ್ ಕ್ಯಾಪ್ಟನ್, ಮನೆ ನೆನಪಾಯ್ತಾ?"

"ಹೂಂ ಡಾಕ್ಟ್ರೇ," ಎಂದ ಸರಾಂತಿಸ್. "ತುಂಬ ದೂರ ಬಂದ್ಬಿಟ್ವಿ."

ಡಾಕ್ಟರು ಹೌದೆಂದು ತಲೆಯಾಡಿಸಿ, ಅವನ ಭುಜದ ಮೇಲಿದ್ದ ಅಕ್ಕಿಕಾಳನ್ನು ಕೊಡವಿದರು.